ಶಿರೂರಿಗೆ ಹೋದ ದೇಹೂ ರೋಡ್ ವಿಳಾಸ

"ಆ ಕಾರ್ಡ್ ಮುಟ್ಟಬೇಡಿ, ಪ್ಲೀಸ್..."

ಗಾಬರಿಯಲ್ಲಿ ಶರಣ್ಯಾಳ ಬಾಯಿಂದ ಕನ್ನಡವೇ ಬಂದಿತ್ತು. ಪಿಂಪ್ರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಕರೆಗಳನ್ನು ಜೋಡಿಸುವ ಸ್ವಿಚ್ ಯಂತ್ರದ ಮುಂದೆ ಮಂಡಿಯೂರಿದ್ದ ಯುವಕ ಕೈ ಹಿಂದಕ್ಕೆಳೆದು ತಿರುಗಿ ನೋಡಿದ.

"ಮುಟ್ಟಂಗಿಲ್ರಿ. ಆದ್ರ ನೀವು ಕನ್ನಡದವ್ರಾ?"

ಅವನ ಮುಖದಲ್ಲಿ ಮೂಡಿದ ಖುಷಿ ನೋಡಿ ಅವಳ ಸಿಟ್ಟು ಅಲ್ಲೇ ಇಳಿಯಿತು.

"ಮೈಸೂರು," ಎಂದಳು.

"ನಾ ಕಿಶೋರ. ಹುಟ್ಟಿ ಬೆಳದದ್ದು ಎಲ್ಲಾ ಪುಣೆದಾಗನ. ಕನ್ನಡ ಮನ್ಯಾಗ ಅಷ್ಟ ಉಳದದ ನೋಡ್ರಿ."

ಪುಣೆ ಸುತ್ತಲಿನ ಎಕ್ಸ್‌ಚೇಂಜುಗಳಲ್ಲಿ ಹಳೆಯ ಸ್ವಿಚ್ ಕಾರ್ಡುಗಳನ್ನು ತೆಗೆದು ಹೊಸದು ಹಾಕುವುದು ಅವರಿಬ್ಬರ ಕಂಪನಿಯ ಕೆಲಸ. ಪ್ರತಿ ಕಾರ್ಡಿಗೂ ನೂರಾರು ಸೆಟ್ಟಿಂಗ್ ಬರೆಯುತ್ತ ಕೂರುವ ಬದಲು ಶರಣ್ಯಾ ಎಲ್ಲವೂ ಮೊದಲೇ ತುಂಬಿದ ಒಂದು ಟೆಂಪ್ಲೇಟ್ ಫೈಲ್ ತಯಾರಿಸಿದ್ದಳು. ಅದರಲ್ಲಿ ಊರಿನ ಹೆಸರು, ಆ ಸ್ವಿಚ್ಚಿನದೇ ಆದ ನೆಟ್‌ವರ್ಕ್ ವಿಳಾಸ ಬದಲಿಸಿದರೆ ಸಾಕು. ಆಫೀಸಿನಿಂದ ಅವಳು ಕಳಿಸುತ್ತಿದ್ದಳು, ಎಕ್ಸ್‌ಚೇಂಜಿನಲ್ಲಿ ಕಿಶೋರ ಕಾರ್ಡಿಗೆ ಲೋಡ್ ಮಾಡುತ್ತಿದ್ದ.

ಲೋಡ್ ಆಗುವವರೆಗೆ ಇಬ್ಬರೂ ಫೋನಿನಲ್ಲಿ ಕಾಯಬೇಕಿತ್ತು. ಕಾಯುತ್ತ ಮಾತು ಬೆಳೆಯಿತು. ಅವನ ತಾಯಿಯ ಶೇಂಗಾ ಚಟ್ನಿ, ಇವಳ ಪಿಜಿಯ ಸಪ್ಪೆ ಸಾರು, ಇವಳ ಮರಾಠಿಗೆ ನಗುವ ಆಟೋದವರು...

ಕಾರ್ಡು ಇನ್ನಷ್ಟು ನಿಧಾನವಾಗಿ ಲೋಡ್ ಆಗಲಿ ಎಂದು ಅವಳ ಮನಸ್ಸು ಆಸೆಪಡತೊಡಗಿತು.

ಹಾಗಿರುವಾಗಲೇ ಪುಣೆ ಬಳಿಯ ಶಿರೂರಿನಲ್ಲಿ ಎಡವಟ್ಟಾಯಿತು. ಹಿಂದಿನ ವಾರ ದೇಹೂ ರೋಡ್ ಎಂಬ ಊರಿಗೆ ಮಾಡಿದ್ದ ಟೆಂಪ್ಲೇಟಿನಲ್ಲಿ ಊರಿನ ಹೆಸರು ಬದಲಿಸಿದ ಶರಣ್ಯಾ, ವಿಳಾಸ ಬದಲಿಸುವುದನ್ನು ಮರೆತಿದ್ದಳು. ಎರಡು ಸ್ವಿಚ್ಚಿಗೆ ಒಂದೇ ವಿಳಾಸ! ಮಧ್ಯಾಹ್ನವಿಡೀ ಎರಡೂ ಕಡೆ ಫೋನುಗಳು ಸತ್ತಿದ್ದವು.

ಮೀಟಿಂಗಿನಲ್ಲಿ ಮ್ಯಾನೇಜರ್ ಮಧುಕರ್ ಕಾರಣ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಕಿಶೋರ ಎದ್ದು ನಿಂತ. ತಾನೇ ತಪ್ಪಾಗಿ ಹಳೆಯ ಫೈಲ್ ಲೋಡ್ ಮಾಡಿದೆ ಎಂದುಬಿಟ್ಟ.

ಅಂದೇ ಅವನನ್ನು ಚಿಂಚವಾಡದ ಗೋದಾಮಿಗೆ ಹಾಕಿದರು.

ಮೆಟ್ಟಿಲ ಬಳಿ ಅವಳು ಅವನನ್ನು ತಡೆದಳು. "ಯಾಕೆ ಹಾಗಂದ್ರಿ? ನಾನು ಕೇಳಿದ್ನಾ?"

"ನಿಮ್ದು ಇನ್ನಾ ಪ್ರೊಬೇಷನ್ ಅದ. ಕೆಲಸ ಹೋದ್ರ..."

"ಅಂದ್ರೆ ನನ್ನ ತಪ್ಪು ಒಪ್ಪಿಕೊಳ್ಳೋಕೂ ನನಗೆ ಧೈರ್ಯ ಇಲ್ಲ ಅಂದ್ಕೊಂಡ್ರಿ."

ಅವಳು ಸರಸರನೆ ಇಳಿದು ಹೋದಳು. 'ಇಷ್ಟು ದಿನ ಸ್ನೇಹ ಅಂದ್ಕೊಂಡೆ... ಬರೀ ಕನಿಕರವಾ?'

ಅವನ ಕರೆಗಳಿಗೆ ಅವಳು ಉತ್ತರಿಸಲಿಲ್ಲ. ಬದಲಿಗೆ ಟೆಂಪ್ಲೇಟನ್ನೇ ತಿದ್ದಿದಳು. ವಿಳಾಸ ತುಂಬದಿದ್ದರೆ, ಅಥವಾ ಅದು ಬೇರೆ ಊರಿನದಾಗಿದ್ದರೆ, ಇನ್ನು ಮುಂದೆ ಫೈಲ್ ಲೋಡ್ ಆಗುವುದೇ ಇಲ್ಲ. ಅದನ್ನು ಹಿಡಿದು ಮಧುಕರ್ ಮುಂದೆ ನಿಂತಳು.

"ಸರ್, ಶಿರೂರಿನ ತಪ್ಪು ನನ್ನದು. ಕಿಶೋರ್ ಸುಳ್ಳು ಹೇಳಿದ್ರು."

ಮಧುಕರ್ ಇಬ್ಬರನ್ನೂ ಕರೆಸಿ ಬೈದರು. ಆಮೇಲೆ ಹೊಸ ಟೆಂಪ್ಲೇಟನ್ನು ಎಲ್ಲ ಊರಿಗೂ ಬಳಸಿ ಎಂದರು. ಕಿಶೋರನಿಗೆ ಅವನ ಕೆಲಸ ಮರಳಿತು. ಹೊರಬಂದಾಗ ಶರಣ್ಯಾಳ ಎದೆ ಹಗುರವಾಗಿತ್ತು.

ಸಂಜೆ ಆಫೀಸಿನೆದುರಿನ ಮಂಗಳೂರಿನವರ ಹೋಟೆಲಿನಲ್ಲಿ ಅವನು ಅವಳ ಎದುರು ಬಂದು ಕುಳಿತ.

"ತಪ್ಪಾತ್ರಿ. ನಿಮ್ಮನ್ನ ಕೇಳದ ನಿಮ್ಮ ಪರವಾಗಿ ಮಾತಾಡಬಾರದಿತ್ತು."

"ಕನಿಕರ ಬಂತಾ ನನ್ನ ಮೇಲೆ?"

"ಕನಿಕರ ಅಲ್ರಿ..." ಅವನು ಕಾಫಿ ಲೋಟವನ್ನು ಸುಮ್ಮನೆ ತಿರುಗಿಸಿದ. "ನಿಮ್ಮ ಕೆಲಸ ಹೋದ್ರ ನೀವು ಮೈಸೂರಿಗೆ ಹೋಗಿಬಿಡ್ತೀರಿ ಅಂತ ಹೆದರಿದೆ. ನೀವು ನನಗ ಭಾಳ ಬೇಕು ಅಂತ ಹೇಳಾಕ ಧೈರ್ಯ ಆಗಲಿಲ್ಲ. ಸುಳ್ಳು ಹೇಳಾಕ ಆತು."

ಅವಳ ಕಣ್ಣು ತುಂಬಿ ಬಂತು, ತುಟಿಯಲ್ಲಿ ನಗು.

"ಭಾನುವಾರ ಅಮ್ಮ ಬರ್ತಿದ್ದಾರೆ. ಸ್ಟೇಷನ್ನಿಗೆ ಬರ್ತೀರಾ?"

"ಬರ್ತೀನಿ. ನಾ ಯಾರಂತ ಹೇಳ್ತೀರಿ?"

"ನಾನು ಪ್ರೀತಿಸೋ ಹುಡುಗ ಅಂತ. ಅಮ್ಮನ ಹತ್ರ ಸುಳ್ಳು ಹೇಳೋಕೆ ನನಗೆ ಬರಲ್ಲ."