ಬೂಟಿನೊಳಗಿನ ಹುಲ್ಲು

"ರೀ, ಕಾಲು ಸ್ವಲ್ಪ ಈ ಕಡೆ ಚಾಚಿ," ಎಂದಳು ಅಜ್ಜಿ.

ಏಳು ವರ್ಷದ ಮಿನಿಕ್ ಕುರ್ಚಿಯಲ್ಲಿ ಕೂತಲ್ಲೇ ಕಾಲು ಚಾಚಿದ. ಅಜ್ಜಿ ನೆಲದ ಮೇಲೆ ಕುಳಿತು, ಕಾಲು ಬೆಚ್ಚಗಿರಲೆಂದು ಸೀಲ್ ಚರ್ಮದ ಬೂಟಿನೊಳಗೆ ಒಣಹುಲ್ಲು ತುಂಬುತ್ತಿದ್ದಳು. ಹಿಡಿ ಹಿಡಿಯಾಗಿ ತೆಗೆದುಕೊಂಡು, ಬೆರಳಿನಿಂದ ಬಿಡಿಸಿ ಮೆತ್ತಗೆ ಮಾಡಿ, ಹಿಮ್ಮಡಿಯ ಕಡೆಗೆ ಒತ್ತುತ್ತಿದ್ದಳು.

"ಚುಚ್ಚುತ್ತೇನ್ರೀ?"

"ಊಹೂಂ," ಎಂದ ಮಿನಿಕ್, ಒಣಮೀನು ಅಗಿಯುತ್ತಾ.

ಬಾಗಿಲ ಬಳಿ ನಿಂತಿದ್ದ ಇವಾಲುವಿಗೆ ಮೈಯೆಲ್ಲ ಉರಿಯಿತು. ಅವಳು ಮಿನಿಕ್‌ನ ಅಕ್ಕ. ಅವನಿಗಿಂತ ಮೂರು ವರ್ಷ ದೊಡ್ಡವಳು. ಅವಳ ಬೂಟನ್ನು ಅಜ್ಜಿ ಒಮ್ಮೆಯಾದರೂ ಹೀಗೆ ತೊಡಿಸಿದ್ದು ನೆನಪಿಲ್ಲ.

ತಾತ ತೀರಿಕೊಂಡ ಚಳಿಗಾಲದಲ್ಲೇ ಮಿನಿಕ್ ಹುಟ್ಟಿದ್ದ. ತಾತನ ಹೆಸರನ್ನೇ ಅವನಿಗಿಟ್ಟರು. ಅವರಲ್ಲಿ ಹೆಸರು ಬಂತೆಂದರೆ ಆ ಮನುಷ್ಯನೇ ಬಂದಂತೆ. ಅದಕ್ಕೇ ಅಜ್ಜಿಗೆ ಅವನು "ರೀ". ಅಮ್ಮನಿಗೆ ಅವನು "ಅಪ್ಪ". ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಟೋಬಿಯಾಸ್ ಮಾವ ಕೂಡ ದೋಣಿಯ ಎಂಜಿನ್ ಬಿಚ್ಚಿ ಕೂತಾಗ, "ಅಪ್ಪಾ, ಸ್ಕ್ರೂ ಇಷ್ಟು ಟೈಟ್ ಆದ್ರೆ ಸಾಕಾ?" ಎಂದು ಅವನನ್ನೇ ಕೇಳುತ್ತಿದ್ದ. ಮಾಂಸ ಬೇಯಿಸಿದ ದಿನ ಮೊದಲ ತುಂಡು ಅವನಿಗೆ. ಅವನು ಲೋಟ ಒಡೆದರೂ ಬೈಗುಳವಿಲ್ಲ. ಗಂಡನಿಗೆ, ಅಪ್ಪನಿಗೆ ಯಾರು ಬೈಯುತ್ತಾರೆ?

ಇವಾಲುವಿಗೆ ಬಂದಿದ್ದು ಅಪ್ಪನ ಕಡೆಯ ಯಾವಳೋ ಅತ್ತೆಯ ಹೆಸರು. ಆ ಅತ್ತೆ ಗ್ರೀನ್‌ಲ್ಯಾಂಡಿನ ಆ ತುದಿಯವಳು. ಈ ಊರಲ್ಲಿ ಅವಳನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಇವಾಲು ಬರೀ ಇವಾಲು.

ಅವತ್ತು ಬೆಳಿಗ್ಗೆ ಹಡಗು ಬಂದಿತ್ತು. ಪ್ರವಾಸಿಗಳ ಪುಟ್ಟ ಹಡಗು. ದೊಡ್ಡ ಹಡಗುಗಳು ಬೇಡ ಎಂದು ಊರಿನವರೇ ಸಭೆ ಸೇರಿ ತೀರ್ಮಾನಿಸಿದ್ದರು. ಈ ಹಡಗಿನವರು ಮೊದಲೇ ಕೇಳಿಕೊಂಡು ಬರುತ್ತಾರೆ. ಒಂದು ಚೂರು ಕಸ ಬಿಟ್ಟು ಹೋಗುವುದಿಲ್ಲ. ಎದುರಿನ ಹಕ್ಕಿದ್ವೀಪಕ್ಕೆ ಒಂದೇ ಒಂದು ರಬ್ಬರ್ ದೋಣಿಯಲ್ಲಿ, ಸದ್ದಿಲ್ಲದೆ ಹೋಗಿ ಬರುತ್ತಾರೆ. ದ್ವೀಪ ಊರಿನದು. ಆದ್ದರಿಂದ ಪ್ರತಿ ಬೇಸಿಗೆಯೂ ಊರಿನ ಒಂದು ಮಗುವಿಗೆ ಆ ದೋಣಿಯಲ್ಲಿ ಜಾಗ. ಈ ಸಲ ಇವಾಲುವಿನ ಮನೆಯ ಸರದಿ.

ಚಳಿಗಾಲವಿಡೀ ಇವಾಲು ದ್ವೀಪದ ಹಕ್ಕಿಗಳ ಹೆಸರು ಬಾಯಿಪಾಠ ಮಾಡಿದ್ದಳು. ಹಡಗಿನವರ ಜೊತೆ ಮಾತಾಡಬೇಕು ಎಂದು ಡ್ಯಾನಿಶ್ ಕ್ಲಾಸಿನಲ್ಲಿ ಮುಂದಿನ ಬೆಂಚಿಗೆ ಹೋಗಿ ಕೂತಿದ್ದಳು. ತನ್ನ ರಬ್ಬರ್ ಬೂಟನ್ನು ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿ ತೊಳೆದಿದ್ದಳು. ಕೊನೆಗೆ ಅಜ್ಜಿ ಹೇಳಿದ್ದೇನು?

"ನಿಮ್ಮ ತಾತ ಹೋಗಲಿ. ಆ ದ್ವೀಪದ ದಾರಿ ಅವರಿಗೆ ಚೆನ್ನಾಗಿ ಗೊತ್ತು."

"ಅವನಿಗೆ ಸ್ಕೂಲಿನ ದಾರೀನೇ ಸರಿಯಾಗಿ ಗೊತ್ತಿಲ್ಲ!" ಎಂದು ಇವಾಲು ಕಿರುಚಿದ್ದಳು.

"ತಾತನ ಬಗ್ಗೆ ಹಾಗೆಲ್ಲ ಮಾತಾಡ್ಬಾರ್ದು," ಎಂದು ಅಮ್ಮ ಗದರಿದ್ದಳು.

ಈಗ ಇವಾಲು ಅಜ್ಜಿಯ ಕೈಯನ್ನೇ ನೋಡುತ್ತಿದ್ದಳು. ಶಾಲೆಯ ಹಿಂದಿನ ಇಳಿಜಾರಿನಲ್ಲಿ ಕೊಯ್ದು ಒಣಗಿಸಿದ ಹುಲ್ಲು ಅದು. ತೆನೆ ಇನ್ನೂ ಹಾಗೇ ಇತ್ತು. ಒಂದೆರಡು ಬೀಜ ನೆಲಕ್ಕೆ ಉದುರಿದವು.

ಹೋದ ಬೇಸಿಗೆಯಲ್ಲಿ ಹಡಗಿನವರ ಬೂಟು ತೊಳೆಯಲು ಇವಾಲು ದೋಣಿ ನಿಲ್ಲುವ ದಕ್ಕೆಯ ಮೇಲೆ ಪೈಪು ಹಿಡಿದು ನಿಂತಿದ್ದಳು. ಬೇರೆ ಕಡೆಯ ಒಂದೇ ಒಂದು ಬೀಜವೂ ದ್ವೀಪಕ್ಕೆ ಹೋಗುವಂತಿಲ್ಲ ಎಂದು ಹಡಗಿನಲ್ಲಿ ಕೆಲಸ ಮಾಡುವ ಮರೆಟೆ ಎಂಬವಳು ಆಗ ಅವಳಿಗೆ ಹೇಳಿದ್ದಳು. ಹೊಸ ಹುಲ್ಲು ಅಲ್ಲಿ ಬೇರುಬಿಟ್ಟರೆ ದ್ವೀಪದ ಗಿಡಗಳಿಗೇ ಜಾಗವಿಲ್ಲದಂತಾಗುತ್ತದಂತೆ.

ಇವಾಲು ಹೇಳಲು ಬಾಯಿ ತೆರೆದಳು.

"ಅಕ್ಕಾ," ಎಂದ ಮಿನಿಕ್. "ದ್ವೀಪದಿಂದ ನಿಂಗೇನ್ ತರ್ಲಿ?"

"ಅಲ್ಲಿಂದ ಏನೂ ತರೋ ಹಾಗಿಲ್ಲ. ಕಲ್ಲೂ ಇಲ್ಲ, ಪುಕ್ಕಾನೂ ಇಲ್ಲ. ಅಷ್ಟೂ ಗೊತ್ತಿಲ್ವಾ?"

"ಹಾಗಾದ್ರೆ ಎಲ್ಲಾ ನೋಡ್ಕೊಂಡ್ ಬಂದು ಹೇಳ್ತೀನಿ, ಆಯ್ತಾ?"

ಅವನು ನೋಡಿಕೊಂಡು ಬರುತ್ತಾನಂತೆ. ಇವಳು ಕೂತು ಕೇಳಬೇಕಂತೆ. ಇವಾಲು ಬಾಯಿ ಮುಚ್ಚಿಕೊಂಡಳು.

ದಕ್ಕೆಯ ಮೇಲೆ ಹಡಗಿನವರು ಸಾಲಾಗಿ ನಿಂತಿದ್ದರು. ಮರೆಟೆ ಒಬ್ಬೊಬ್ಬರ ಬೂಟಿನ ತಳ ತಿರುಗಿಸಿ ನೋಡಿ, ಬ್ರಷ್ಷಿನಿಂದ ತಿಕ್ಕಿ, ಜೇಬುಗಳಿಗೆ ಪುಟ್ಟ ವ್ಯಾಕ್ಯೂಮ್ ಹಿಡಿಯುತ್ತಿದ್ದಳು. ಬಿಳಿಗಡ್ಡದ ಒಬ್ಬ ಪ್ರವಾಸಿಯ ಜೇಬಿನಿಂದ ಬಿಸ್ಕತ್ತಿನ ಪುಡಿ ಹೊರಬಂದಾಗ ಎಲ್ಲರೂ ನಕ್ಕರು. ನೀರಿನಲ್ಲಿ ರಬ್ಬರ್ ದೋಣಿ ಕಾಯುತ್ತಿತ್ತು. ಅದಕ್ಕೆ ದಾರಿ ತೋರಿಸುವವನು ಟೋಬಿಯಾಸ್ ಮಾವನೇ. ಮಂಜುಗಡ್ಡೆಗಳು ಮೆಲ್ಲಗೆ ದಡದ ಕಡೆ ಸರಿಯುತ್ತಿದ್ದವು.

ಮಿನಿಕ್‌ನ ಸರದಿ ಬಂತು. ಮರೆಟೆ ಅವನ ಬೂಟಿನೊಳಗೆ ಬೆರಳು ಹಾಕಿದಳು. ಹೊರತೆಗೆದಾಗ ಬೆರಳ ತುದಿಯಲ್ಲಿ ಹುಲ್ಲಿನ ತೆನೆ ಇತ್ತು.

"ಅಯ್ಯೋ, ಇದರಲ್ಲಿ ಬೀಜ ಇದೆಯಲ್ಲ!" ಎಂದಳು ಡ್ಯಾನಿಶ್‌ನಲ್ಲಿ. "ಇವಾಲು, ಇದು ಆಗಲ್ಲ ಅಂತ ನಿಂಗೆ ಗೊತ್ತಲ್ವಾ?"

ಇವಾಲು ತನ್ನ ಬೂಟಿನ ತುದಿ ನೋಡಿಕೊಂಡಳು. ದೋಣಿಯಲ್ಲಿದ್ದ ಟೋಬಿಯಾಸ್ ಮಾವ ತಲೆಯೆತ್ತಿ ಅವಳನ್ನು ನೋಡಿದ.

ಅಜ್ಜಿಗೆ ಡ್ಯಾನಿಶ್ ಬಾರದು. "ಏನಂತೆ ಅವಳದು?"

"ಹುಲ್ಲಿನಲ್ಲಿ ಬೀಜ ಇದ್ಯಂತೆ. ಬೂಟು ಆಗಲ್ವಂತೆ," ಎಂದಳು ಇವಾಲು ತಲೆಯೆತ್ತದೆ.

"ಆಗಲ್ವಾ? ನಮ್ಮನೆಯವ್ರು ಹುಡುಗ ಆಗಿದ್ದಾಗಿಂದ ಹುಲ್ಲು ಹಾಕ್ಕೊಂಡೇ ಆ ದ್ವೀಪಕ್ಕೆ ಹೋಗಿ ಬಂದಿದ್ದಾರೆ. ಒಂದು ಹಕ್ಕಿಯಾದ್ರೂ ಕಂಪ್ಲೇಂಟ್ ಕೊಟ್ಟಿದ್ಯಾ ಅಂತ ಕೇಳೇ ಅವಳನ್ನ!"

ಇವಾಲುವಿನ ಬದಲು ಟೋಬಿಯಾಸ್ ಮಾವನೇ ಅದನ್ನು ಹಾಗೇ ಮರೆಟೆಗೆ ಹೇಳಿದ. ಮರೆಟೆ ನಗಲಿಲ್ಲ.

"ಆಗ ಹೋಗ್ತಿದ್ದೋರು ಒಬ್ಬರೋ ಇಬ್ಬರೋ, ಅಜ್ಜಿ. ಈಗ ನಮ್ಮನ್ನೂ ಸೇರಿಸಿ ಎಷ್ಟು ಕಾಲು ಅಲ್ಲಿ ಇಳಿಯುತ್ತೆ ನೋಡಿ. ನಾವು ಬರೋದ್ರಿಂದಲೇ ಈ ರೂಲ್ ಮಾಡ್ಬೇಕಾಯ್ತು."

ಮಾವ ಇದನ್ನೂ ಅಜ್ಜಿಗೆ ಹೇಳಿದ. ಅಜ್ಜಿ ಸಾಲಾಗಿ ನಿಂತವರ ಕಾಲುಗಳನ್ನು ಒಮ್ಮೆ ನೋಡಿದಳು. ಆಮೇಲೆ ಮಿನಿಕ್‌ನ ಮುಂದೆ ಮಂಡಿಯೂರಿದಳು.

"ಬೂಟು ಬಿಚ್ಚಿ. ತಪ್ಪು ನಂದೇ. ಬೆಳಿಗ್ಗೆನೇ ಯಾರನ್ನಾದ್ರೂ ಕೇಳ್ಬೇಕಿತ್ತು."

ಇವಾಲುವಿನ ಕಿವಿ ಬಿಸಿಯಾಯಿತು. ಬೆಳಿಗ್ಗೆ ಆ ಕೋಣೆಯಲ್ಲಿ ಕೇಳಲು ಅವಳನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

"ಇನ್ನೊಂದು ಜೊತೆ ತರ್ಲಾ?" ಎಂದ ಮಿನಿಕ್. ಆದರೆ ಅವನ ರಬ್ಬರ್ ಬೂಟು ಗುಡ್ಡದ ಮೇಲಿನ ಮನೆಯಲ್ಲಿತ್ತು, ಅದಕ್ಕೆ ನಾಯಿಗಳ ಗಲೀಜು ಮೆತ್ತಿತ್ತು. ಮರೆಟೆಯ ವಾಕಿಟಾಕಿಯಲ್ಲಿ ಹಡಗಿನಿಂದ ಯಾರೋ, ಮಂಜುಗಡ್ಡೆಗಳು ಒಳಗೆ ಬರ್ತಿವೆ, ಬೇಗ ಹೊರಡಿ ಎನ್ನುತ್ತಿದ್ದರು.

ಮರೆಟೆ ಸುತ್ತ ನೋಡಿದಳು. ಅವಳ ಕಣ್ಣು ಇವಾಲುವಿನ ಬೂಟಿನ ಮೇಲೆ ನಿಂತಿತು. ತಳ ತಿರುಗಿಸಿ ನೋಡಿದಳು. ಒಂದು ಚೂರು ಮಣ್ಣೂ ಇರಲಿಲ್ಲ.

"ಒಂದು ಜಾಗ ಖಾಲಿ ಹೋಗೋದು ಬೇಡ. ನೀನು ಬಾ."

ಯಾರೋ ಅವಳಿಗೆ ಲೈಫ್ ಜಾಕೆಟ್ ತೊಡಿಸಿದರು. ಯಾರೋ ಕೈ ಕೊಟ್ಟರು. ಇವಾಲು ದೋಣಿಯಲ್ಲಿ ಕೂತಳು. ಇಡೀ ಚಳಿಗಾಲ ಅವಳು ಬಯಸಿದ್ದು ಇದನ್ನೇ.

ಟೋಬಿಯಾಸ್ ಮಾವ ಹಗ್ಗ ಬಿಚ್ಚುತ್ತಾ ಪಕ್ಕಕ್ಕೆ ಬಾಗಿದ.

"ಬೆಳಿಗ್ಗೆ ಅಜ್ಜಿ ಹುಲ್ಲು ತುಂಬುವಾಗ ನೀನೆಲ್ಲಿದ್ದೆ?"

"ಅಲ್ಲೇ ಇದ್ದೆ."

ಮಾವ ಹಗ್ಗ ಸುತ್ತಿಟ್ಟು ಎಂಜಿನ್ ಶುರುಮಾಡಿದ. ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ದೋಣಿ ದಕ್ಕೆ ಬಿಟ್ಟಿತು. ಅಜ್ಜಿ ಬೆನ್ನು ಬಗ್ಗಿಸಿ ಮಿನಿಕ್‌ನನ್ನು ಹೊತ್ತುಕೊಂಡಳು. ಕಾಲುಚೀಲದಲ್ಲಿ ಅವನು ಆ ತಣ್ಣನೆಯ ಹಲಗೆಯ ಮೇಲೆ ಎಷ್ಟು ಹೊತ್ತು ನಿಂತಾನು? ಅಜ್ಜಿಯ ಸೊಂಟದ ಎರಡೂ ಕಡೆ ಅವನ ಪುಟ್ಟ ಪಾದಗಳು ಜೋತಾಡಿದವು.

ದೋಣಿಯಲ್ಲಿ ಇವಾಲು ಕೂತಿದ್ದಾಳೆ. ಆದರೂ ಅಜ್ಜಿಯ ಬೆನ್ನ ಮೇಲೆ ಇರುವವನು ಅವನೇ.

ಅವನು ಅಳುತ್ತಿರಬೇಕು ಎಂದುಕೊಂಡಳು. ಅಳುತ್ತಲೇ ಇದ್ದ. ಒಂದು ತೋಳಿನಿಂದ ಮೂಗು ಒರೆಸಿಕೊಂಡು, ಕಿತ್ತಳೆ ಜಾಕೆಟ್‌ಗಳ ನಡುವೆ ಯಾರನ್ನೋ ಹುಡುಕುತ್ತಿದ್ದ. ಅವಳನ್ನು ಕಂಡ ಕೂಡಲೇ ಅಜ್ಜಿಯ ಕುತ್ತಿಗೆ ಬಿಟ್ಟು ಎರಡೂ ಕೈ ಬೀಸತೊಡಗಿದ.

"ಅಕ್ಕಾ! ಗಟ್ಟಿಯಾಗಿ ಹಿಡ್ಕೋ! ಅಲೆ ಇದೆ!"

ಅಜ್ಜಿ ಅವನು ಬೀಳದಂತೆ ಎರಡು ಹೆಜ್ಜೆ ತೂರಾಡಿ ನಿಂತಳು. ಅವನು ಮತ್ತೂ ಕೈ ಬೀಸುತ್ತಲೇ ಇದ್ದ.

ಅವನ ಜಾಗದಲ್ಲಿ ತಾನಿದ್ದಿದ್ದರೆ ದೋಣಿಗೆ ಬೆನ್ನು ಹಾಕಿ ಮನೆಗೆ ಓಡಿರುತ್ತಿದ್ದಳು. ಕೈಯಂತೂ ಬೀಸುತ್ತಿರಲಿಲ್ಲ. ಅದು ಇವಾಲುವಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಹಿಡಿದಿದ್ದ ದೋಣಿಯಂಚಿನ ಹಗ್ಗ ಬಿಟ್ಟು ಕೈ ಎತ್ತಿದಳು. ಅಷ್ಟರಲ್ಲಿ ದೋಣಿ ದೊಡ್ಡ ಮಂಜುಗಡ್ಡೆಯೊಂದನ್ನು ಬಳಸಿ ತಿರುಗಿತು. ದಕ್ಕೆ ಮರೆಯಾಯಿತು.

ಅವಳು ಎತ್ತಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.