ತಲೆಕೆಳಗಾದ ಮಣಿಗಳು

ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಹರಳುಕೋಟೆಯ ರಾಜ್ಯದಲ್ಲಿ, ಒಂದು ಬೆಳಿಗ್ಗೆ ಅನ್ನ ಹುಲ್ಲಾಯಿತು. ನೋಡಲು ಅನ್ನವೇ. ಎಷ್ಟು ಅಗಿದರೂ ಸಿಹಿಯಾಗದು. ಎಷ್ಟು ಉಂಡರೂ ಬಲ ಬಾರದು.

ಕೆಂಜೆಡೆ ಎಂಬ ಮಾಂತ್ರಿಕ ಗುಡ್ಡದ ಮೇಲಿನಿಂದ ಕೂಗಿದ: "ಕಿರೀಟ ಕೊಡಿ, ಅನ್ನ ಕೊಡುತ್ತೇನೆ!"

ಮೂರನೆಯ ದಿನ, ಮಣಿ ಪೋಣಿಸುವ ದ್ಯಾವಕ್ಕನ ಬಾಣಂತಿ ತಂಗಿಗೆ ಎದೆಹಾಲು ಬತ್ತಿತು. ಕೂಸು ಅಳುವುದನ್ನೂ ನಿಲ್ಲಿಸಿತು.

ಕೊಟ್ಟಿಗೆಯ ಮುದಿ ಎಮ್ಮೆ ಮಾತ್ರ ಅದೇ ಅನ್ನ ತಿಂದು ಮಿರಮಿರ ಮಿಂಚುತ್ತಿತ್ತು.

"ನಿನಗೊಬ್ಬಳಿಗೆ ಹೇಗೆ ದಕ್ಕಿತೇ?" ಎಂದಳು ದ್ಯಾವಕ್ಕ.

ಎಮ್ಮೆ ಮಾತಾಡಿತು. "ಅನ್ನವೂ ಸಕ್ಕರೆ ಮಣಿಗಳ ಸರ, ಹುಲ್ಲೂ ಅದೇ ಮಣಿಗಳ ಸರ. ಅನ್ನದಲ್ಲಿ ಮಣಿಗಳೆಲ್ಲ ಒಂದೇ ಮುಖ. ಹುಲ್ಲಿನಲ್ಲಿ ಒಂದು ನೆಟ್ಟಗೆ, ಒಂದು ತಲೆಕೆಳಗೆ. ಆ ಕೆಂಜೆಡೆ ಅನ್ನದಿಂದ ಒಂದು ಮಣಿಯನ್ನೂ ಕದ್ದಿಲ್ಲ. ಒಂದು ಬಿಟ್ಟು ಒಂದನ್ನು ಮಗುಚಿದ್ದಾನೆ. ಹಾಗೆ ಮಗುಚಿ ಕಟ್ಟಿದ ಗಂಟು ಬಿಚ್ಚಲು ನಿಮ್ಮ ಹೊಟ್ಟೆಗೆ ಬಾರದು. ನನ್ನ ಹೊಟ್ಟೆಯಲ್ಲಿ ಬಿಚ್ಚುವ ಸಣ್ಣ ಜೀವಿಗಳಿವೆ."

"ಪೋಣಿಸದ ಬಿಡಿ ಮಣಿಗೂ ಅವನ ಮಂತ್ರ ತಟ್ಟೀತೇ?"

"ಬಿಡಿ ಮಣಿಗೆ ಮಂತ್ರ ತಟ್ಟದು."

ಜೇನು! ಅದರಲ್ಲಿರುವುದು ಪೋಣಿಸದ ಸಕ್ಕರೆ ಮಣಿಗಳೇ. ದ್ಯಾವಕ್ಕ ಬಂಡೆ ಹತ್ತಿದಳು. ಇದ್ದದ್ದು ಒಂದೇ ಹುಟ್ಟು. ಅರ್ಧ ತಂಗಿಗೆ ನೆಕ್ಕಿಸಿದಳು. ಅರ್ಧ ಸೋರೆಬುರುಡೆಗೆ ಹಿಂಡಿಕೊಂಡು ಗುಡ್ಡಕ್ಕೆ ನಡೆದಳು.

ಕೆಂಜೆಡೆಯ ಎದುರು ಎಲೆ ತುಂಬ ಅನ್ನವಿತ್ತು. ಸುತ್ತ ಅಗಿದು ಉಗಿದ ತುತ್ತುಗಳು. ದ್ಯಾವಕ್ಕನಿಗೆ ಅರ್ಥವಾಯಿತು. ರಾಜ ಮೊದಲ ದಿನವೇ ಸೋಲುತ್ತಾನೆಂದು ನಂಬಿ, ಇವನು ತನಗೂ ಒಂದು ಹಿಡಿ ಒಳ್ಳೆ ಅಕ್ಕಿ ಎತ್ತಿಟ್ಟಿಲ್ಲ. ಹಿಂದೆ ಉಂಡ ಅನ್ನದಿಂದ ಮೈ ಯಕೃತ್ತಿನಲ್ಲಿ ಕವಲು ಕವಲಾದ ಸರವಾಗಿ ಕೂಡಿಟ್ಟ ಸಕ್ಕರೆಯ ಮೇಲೆ ಬದುಕಿದ್ದಾನೆ. ಮಾಂತ್ರಿಕರ ಯಕೃತ್ತು ದೊಡ್ಡದು.

"ಜಡೆಯಪ್ಪಾ, ಮೂರು ಗುಡ್ಡದೊಳಗೆ ನನ್ನನ್ನು ಹಿಡಿ ನೋಡೋಣ! ಹಿಡಿದರೆ ಕಿರೀಟ ನಾನೇ ತಂದುಕೊಡುತ್ತೇನೆ. ಹಿಡಿಯದಿದ್ದರೆ ಮಂತ್ರ ತಿರುಗಿಸು."

"ಕಡ್ಡಿಯಂಥವಳು, ನೀನು ಓಡುತ್ತೀಯಾ?" ಎಂದು ನಕ್ಕು ಅವನು ಚಿರತೆಯಾದ.

ದ್ಯಾವಕ್ಕ ಒಂದು ಗುಟುಕು ಜೇನು ಕುಡಿದಳು, ಓಡಿದಳು. ಮೊದಲ ಗುಡ್ಡ ದಾಟಿದಳು. ಚಿರತೆಯ ಕಾಲು ತಡವರಿಸಿತು.

ಅವನು ಕಾಡುಹಂದಿಯಾದ. ಇನ್ನೊಂದು ಗುಟುಕು ಕುಡಿದಳು, ಓಡಿದಳು. ಕೋರೆ ಸೆರಗು ಸೀಳಿತು! ಎರಡನೆಯ ಗುಡ್ಡವನ್ನೂ ದಾಟಿದಳು.

ಅವನು ಹದ್ದಾದ. ಕೊನೆಯ ಗುಟುಕು ಕುಡಿದಳು, ಓಡಿದಳು. ಮೂರನೆಯ ಗುಡ್ಡದ ನೆತ್ತಿ. ಹದ್ದಿನ ನೆರಳು ಅವಳ ಮೇಲೆ. ಉಗುರಿಗೂ ಹೆಗಲಿಗೂ ಒಂದು ಗೇಣು! ಅಷ್ಟರಲ್ಲಿ ಯಕೃತ್ತಿನ ಕೊನೆಯ ಕವಲೂ ಕರಗಿತು. ಹದ್ದು ದಡಾರನೆ ಬಿದ್ದು ಮನುಷ್ಯನಾಯಿತು.

"ಒಂದು ತೊಟ್ಟು ಜೇನು ಕೊಡೇ ತಾಯಿ..."

ಅವಳು ಬುರುಡೆ ಬೋರಲು ಹಾಕಿ ತೋರಿಸಿದಳು. "ಖಾಲಿ. ಸೊಂಟದಲ್ಲಿ ಅನ್ನದ ಬುತ್ತಿ ಇದೆ, ಉಣ್ಣುತ್ತೀಯಾ?"

"ಅದು ಹುಲ್ಲು!"

"ಮಗುಚಿದವನು ನೀನೇ ಅಲ್ಲವೇನೋ?"

ಕೆಂಜೆಡೆ ಹಲ್ಲು ಕಡಿದ. ಬುತ್ತಿ ನೋಡಿದ. ಮಂತ್ರವನ್ನು ಕೊನೆಯಿಂದ ಮೊದಲಿಗೆ ಹೇಳಿದ. ರಾಜ್ಯದ ಕಣಜಗಳಲ್ಲೆಲ್ಲ ಮಣಿಗಳು ಗಿರ್ರನೆ ತಿರುಗಿದವು. ತಿರುಗಿಸಿ ಹೇಳಿದ ಮಂತ್ರ ಹೇಳಿದವನ ವಿದ್ಯೆಯನ್ನೇ ನುಂಗುತ್ತದೆ; ಅವನ ಮಂತ್ರವಿದ್ಯೆ ಅಲ್ಲಿಗೆ ಮುಗಿಯಿತು.

ಊರು ಉಂಡಿತು. ಕೆಂಜೆಡೆಯೂ ಉಂಡ. ಸಂಜೆಗೆ ತಂಗಿಗೆ ಹಾಲು ಬಂತು. ಕೂಸು ಕುಡಿಯಿತು. ಎಲ್ಲರೂ ಸುಖವಾಗಿದ್ದರು.