ಐದನೆಯ ಕೂಗು

ಜಲಜಾಕ್ಷಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ ಗಂಜಿ ಬಸಿಯುತ್ತಿದ್ದಾಗ, ಮಗಳು ನಿಖಿತಾ ಹೆಗಲ ಚೀಲವನ್ನೂ ಇಳಿಸದೆ ಅಡುಗೆಮನೆಗೆ ಬಂದಳು. ಊರಿನ ಮಠದಲ್ಲಿ ಅಪ್ಪನನ್ನು ನೋಡಿಕೊಂಡು ಆಗಷ್ಟೇ ವಡಪಳನಿಯ ಮನೆ ಮುಟ್ಟಿದ್ದಳು.

"ಇನ್ನೂ ಪಾತ್ರೆಯಲ್ಲೇ ಅನ್ನವಾ? ಪೋದುಂ ಮಾ, ಸಾಕು! ಅಪ್ಪ ಮಠಕ್ಕೆ ಹೋಗಿ ಎರಡು ವರ್ಷ ಆಯ್ತು."

ಒಂಬತ್ತು ವರ್ಷಗಳ ಹಿಂದೆ ಅವರ ಹೋಟೆಲಿನಲ್ಲಿ ಇಡ್ಲಿ ಬಾಯ್ಲರ್ ಸಿಡಿದು, ಜಲಜಾಕ್ಷಿಯ ಗಂಡ ಕಿಟ್ಟಣ್ಣನ ಕಣ್ಣೆದುರೇ ಅವನ ತಮ್ಮ ಹರಿಹರ ಹೋಗಿಬಿಟ್ಟಿದ್ದ. ಅಂದಿನಿಂದ ಆವಿಯ ಸದ್ದು ಕೇಳಿದರೆ ಸಾಕು, ಕಿಟ್ಟಣ್ಣ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ನಡುಗುತ್ತ ಕೂರುತ್ತಿದ್ದ. ಜಲಜಾಕ್ಷಿ ಕುಕ್ಕರನ್ನು ಅಟ್ಟಕ್ಕೇರಿಸಿದಳು. ಡಾಕ್ಟರು, ಹರಕೆ, ಮಾತ್ರೆ, ತಲೆಗೆ ಎಣ್ಣೆ... ಏಳು ವರ್ಷ ಗಂಡನನ್ನು ಮಗುವಿನಂತೆ ನೋಡಿಕೊಂಡಳು. ಕೊನೆಗೆ ಅವನು ಮಠ ಸೇರಿದ. ಸನ್ಯಾಸ ಕೊಡಬೇಕಾದರೆ ಹೆಂಡತಿ ಸ್ವಂತ ಕೈಯಲ್ಲಿ ಒಪ್ಪಿಗೆ ಬರೆದು ಕಳಿಸಬೇಕೆಂದು ಗುರುಗಳು ತಿಳಿಸಿ ವರ್ಷವೇ ದಾಟಿತ್ತು. ಇವಳು ಆ ಮಾತನ್ನೇ ಎತ್ತುತ್ತಿರಲಿಲ್ಲ.

"ಹೇಗಿದ್ದಾರೆ?"

"ಅಡುಗೆ ಮಾಡ್ತಾ ಇದ್ದಾರೆ ಅಮ್ಮಾ! ಇಷ್ಟು ದೊಡ್ಡ ಕುಕ್ಕರ್ ಕೂಗ್ತಾ ಉಂಟು, ನಂಗೇ ಭಯ. ಅಪ್ಪ ಕುಂಬಳಕಾಯಿ ಹೆಚ್ಚುತ್ತಾ, ತಲೆ ಕೂಡ ಎತ್ತದೆ, 'ಐದು ಕೂಗಾಯ್ತು, ಒಲೆ ಆರಿಸಿ' ಅಂದ್ರು. ಅಷ್ಟೇ."

ಜಲಜಾಕ್ಷಿಯ ಹಿಡಿತ ತಪ್ಪಿತು. ಬಿಸಿ ಗಂಜಿ ಪಾದದ ಮೇಲೆ ಚೆಲ್ಲಿತು.

"ಏಳು ವರ್ಷ ನನ್ನ ಮಡಿಲಲ್ಲಿ ನಡುಗಿದವರು! ನನ್ನಿಂದ ಆಗದ್ದು ಆ ಮಠದಿಂದ ಆಯ್ತಾ? ಹಾಗಾದ್ರೆ ನಾನು ಎಂತಕ್ಕಿದ್ದೆ ಮಾರಾಯ್ತಿ...?"

ನಿಖಿತಾ ತಾಯಿಯ ಪಾದಕ್ಕೆ ತಣ್ಣೀರು ಹೊಯ್ದಳು. "ಅಲ್ಲಿಯ ತನಕ ಅವರನ್ನು ಜೀವಂತ ಮುಟ್ಟಿಸಿದ್ದು ಯಾರಮ್ಮಾ?"

ಜಲಜಾಕ್ಷಿ ಸ್ಟೂಲು ಹತ್ತಿ ಅಟ್ಟದಿಂದ ಕುಕ್ಕರ್ ಇಳಿಸಿದಳು. ಮುಚ್ಚಳ ತೆಗೆದರೆ ಒಳಗೊಂದು ಲಕೋಟೆ. ವಿಳಾಸ ಬರೆದಿತ್ತು, ಸ್ಟಾಂಪೂ ಅಂಟಿತ್ತು!

"ಗುರುಗಳು ಕೇಳಿದ ವಾರವೇ ಬರೆದಿದ್ದೆ... ಕಳಿಸಿದ್ರೆ ಮತ್ತೆ ಅವರು ನನ್ನವರಲ್ಲ, ಅಲ್ವಾ? ಮನಸ್ಸು ಬರಲಿಲ್ಲ."

ಲಕೋಟೆ ಬಿಡಿಸಿ, ಒಪ್ಪಿಗೆಯ ಕೆಳಗೆ ಒಂದು ಸಾಲು ಸೇರಿಸಿದಳು: 'ಅವರಿಗೆ ತಣ್ಣೀರಿನ ಸ್ನಾನ ಆಗುವುದಿಲ್ಲ, ಎದೆ ಕಟ್ಟುತ್ತದೆ.' ಹೊಡೆದುಹಾಕಲು ಪೆನ್ನು ಎತ್ತಿದವಳು ಹಾಗೆಯೇ ಬಿಟ್ಟಳು. ಪಾತ್ರೆಯಿಂದ ನಾಲ್ಕು ಅಗುಳು ತೆಗೆದು ತಿಕ್ಕಿ ಲಕೋಟೆ ಅಂಟಿಸಿದಳು.

"ಕುಕ್ಕರ್ ತೊಳೆದಿಡು. ನಾಳೆ ಬೇಳೆ ಅದರಲ್ಲೇ."

ಸಂಜೆ, ಬಸ್ಸುಗಳ ಗದ್ದಲದ ನಡುವೆ, ಅಂಚೆಪೆಟ್ಟಿಗೆಯ ಬಾಯಿಗೆ ಲಕೋಟೆಯನ್ನು ಅರ್ಧ ಇಳಿಸಿ ಹಿಡಿದುಕೊಂಡೇ ನಿಂತಳು. ಆಮೇಲೆ ಬಿಟ್ಟಳು.